ಒಂದೇ ಬೀದಿ, ಮೂರು ಹೋಟೆಲ್, ಒಬ್ಬನೇ ಒಡೆಯ: ಹೆನ್ರಿ ಫ್ಲ್ಯಾಗ್ಲರ್ ಕಥೆ

ಅಮೆರಿಕದ ಫ್ಲಾರಿಡಾ ರಾಜ್ಯದ ಅಟ್ಲಾಂಟಿಕ್ ಕರಾವಳಿಯಲ್ಲಿ ಸೇಂಟ್ ಅಗಸ್ಟೀನ್ ಎಂಬ ಪುಟ್ಟ ನಗರವಿದೆ. 1565ರಲ್ಲಿ ಸ್ಪೇನಿನವರು ಸ್ಥಾಪಿಸಿದ ಈ ಊರು, ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಐರೋಪ್ಯರು ನೆಲೆಗೊಳಿಸಿದ ಪಟ್ಟಣಗಳ ಪೈಕಿ ನಿರಂತರವಾಗಿ ಜನವಸತಿ ಇರುವ ಅತ್ಯಂತ ಹಳೆಯದು. 1890ರ ಸುಮಾರಿನಲ್ಲಿ ಚಳಿಗಾಲ ಕಳೆಯಲು ಇಲ್ಲಿಗೆ ಬಂದ ಪ್ರವಾಸಿಯ ಎದುರು ಒಂದು ಸುಖದ ಸಮಸ್ಯೆ ಕಾದಿರುತ್ತಿತ್ತು. ಕಿಂಗ್ ಸ್ಟ್ರೀಟ್ ಎಂಬ ಬೀದಿಯ ಒಂದು ಮಗ್ಗುಲಲ್ಲಿ ಪೊನ್ಸೆ ಡಿ ಲಿಯೋನ್ ಹೋಟೆಲ್, ಅದರ ಎದುರಿಗೆ ಅಲ್ಕಜಾರ್, ಅಲ್ಕಜಾರ್‌ನ ಪಕ್ಕದ ಮೂಲೆಯಲ್ಲಿ ಕಾರ್ಡೋವಾ. ಮೂರೂ ಸ್ಪ್ಯಾನಿಷ್ ಶೈಲಿಯ ಗೋಪುರಗಳನ್ನು ಹೊತ್ತ ಅರಮನೆಯಂಥ ಕಟ್ಟಡಗಳು. ಒಂದರಿಂದ ಇನ್ನೊಂದಕ್ಕೆ ಒಂದೆರಡು ನಿಮಿಷದ ನಡಿಗೆ. ಯಾವುದನ್ನು ಆರಿಸಿಕೊಳ್ಳಬೇಕು?

ಆಯ್ಕೆ ಪ್ರವಾಸಿಯದೇ ಆಗಿತ್ತು. ಆದರೆ ಆತ ಯಾವ ಬಾಗಿಲು ತಟ್ಟಿದರೂ ಹಣ ಸೇರುತ್ತಿದ್ದದ್ದು ಒಂದೇ ತಿಜೋರಿಗೆ. ಮೂರೂ ಹೋಟೆಲ್‌ಗಳ ಒಡೆಯ ಒಬ್ಬನೇ. ಪ್ರವಾಸಿಯನ್ನು ಅಲ್ಲಿಗೆ ಹೊತ್ತು ತಂದ ರೈಲು ಕೂಡ ಅವನದೇ. ಆತನ ಹೆಸರು ಹೆನ್ರಿ ಮಾರಿಸನ್ ಫ್ಲ್ಯಾಗ್ಲರ್.

ಜಾನ್ ಡಿ. ರಾಕ್‌ಫೆಲರ್ ಜತೆಗೂಡಿ ಸ್ಟ್ಯಾಂಡರ್ಡ್ ಆಯಿಲ್ ಎಂಬ ತೈಲ ಸಾಮ್ರಾಜ್ಯ ಕಟ್ಟಿದ ಈ ಮನುಷ್ಯ, ವಿಶ್ರಾಂತಿಗೆ ಯೋಗ್ಯವೆನಿಸುವ ವಯಸ್ಸಿನಲ್ಲಿ ಇಡೀ ಒಂದು ಕರಾವಳಿಯನ್ನೇ ಕಟ್ಟಲು ಹೊರಟ. ಇಂದು ಜಗತ್ತಿನ ಪ್ರವಾಸಿಗರನ್ನು ಸೆಳೆಯುವ ಮಯಾಮಿ, ಪಾಮ್ ಬೀಚ್‌ಗಳು ನಗರಗಳಾಗಿ ಬೆಳೆದ ಕಥೆ ಆತನಿಂದಲೇ ಆರಂಭವಾಗುತ್ತದೆ. ಈ ನಿರ್ಮಾಣಕ್ಕೆ ತೆತ್ತ ಬೆಲೆಯ ಒಂದು ಭಾಗ ಮಾತ್ರ ಆತನ ಲೆಕ್ಕದ ಪುಸ್ತಕದಲ್ಲಿತ್ತು. ಉಳಿದದ್ದನ್ನು ತೆತ್ತವರು ಬೇರೆಯವರು.

ಪಾದ್ರಿಯ ಮಗ, ಅಂಗಡಿಯ ಆಳು

ಫ್ಲ್ಯಾಗ್ಲರ್ ಜನಿಸಿದ್ದು 1830ರ ಜನವರಿ 2ರಂದು, ನ್ಯೂಯಾರ್ಕ್ ರಾಜ್ಯದ ಹೋಪ್‌ವೆಲ್ ಎಂಬಲ್ಲಿ. ತಂದೆ ಐಸಾಕ್ ಪ್ರೆಸ್ಬಿಟೇರಿಯನ್ ಪಂಥದ ಪಾದ್ರಿ. ಮನೆಯಲ್ಲಿ ಧರ್ಮಶ್ರದ್ಧೆಗೆ ಕೊರತೆಯಿರಲಿಲ್ಲ, ಹಣಕ್ಕಿತ್ತು. ಎಂಟನೇ ತರಗತಿಗೆ ಓದು ನಿಲ್ಲಿಸಿದ ಹುಡುಗ ಹದಿನಾಲ್ಕನೇ ವಯಸ್ಸಿನಲ್ಲಿ ಒಂಟಿಯಾಗಿ ಒಹಾಯೋ ರಾಜ್ಯಕ್ಕೆ ಹೊರಟು, ತಾಯಿಯ ಕಡೆಯ ಬಂಧುಗಳಾದ ಹಾರ್ಕ್‌ನೆಸ್ ಕುಟುಂಬದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಊಟ, ವಸತಿಯ ಜತೆಗೆ ತಿಂಗಳಿಗೆ 5 ಡಾಲರ್ ಸಂಬಳ.

ಅಂಗಡಿಯಲ್ಲಿ ಗಿರಾಕಿಯ ಮುಖ ನೋಡಿ ಬೆಲೆ ಹೇಳುವ ಕಾಲವದು. ಒಂದೇ ಪೀಪಾಯಿಯ ಸರಕನ್ನು ಬೇರೆ ಬೇರೆ ಗಿರಾಕಿಗಳಿಗೆ ಬೇರೆ ಬೇರೆ ದರಕ್ಕೆ ಮಾರುವುದನ್ನು ಆತ ಅಲ್ಲಿ ಕಂಡನೆಂದು ಆತನ ಜೀವನಚರಿತ್ರೆಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಪ್ರಸಂಗ ನಿಜವೋ ಕಟ್ಟಿದ್ದೋ, ಮುಂದೆ ಮೂರು ಹೋಟೆಲ್‌ಗಳನ್ನು ಮೂರು ಬಗೆಯ ಗಿರಾಕಿಗಳಿಗೆ ಹಂಚಿದವನ ಬುದ್ಧಿಗೆ ಅದು ಚೆನ್ನಾಗಿಯೇ ಒಪ್ಪುತ್ತದೆ.

1853ರಲ್ಲಿ ಆತ ಅದೇ ಕುಟುಂಬದ ಮೇರಿ ಹಾರ್ಕ್‌ನೆಸ್‌ಳನ್ನು ಮದುವೆಯಾದ. ಧಾನ್ಯದ ವ್ಯಾಪಾರ ಕೈಹಿಡಿಯಿತು. ಆ ದಿನಗಳಲ್ಲೇ ಕ್ಲೀವ್‌ಲ್ಯಾಂಡ್ ನಗರದ ತರುಣ ದಲ್ಲಾಳಿ ರಾಕ್‌ಫೆಲರ್‌ನ ಪರಿಚಯವಾಯಿತು. ಅಮೆರಿಕದ ಅಂತರ್ಯುದ್ಧದ ವೇಳೆ ಉಪ್ಪಿಗೆ ಬಂದ ಬೇಡಿಕೆಯನ್ನು ಕಂಡು, ಮಿಷಿಗನ್ ರಾಜ್ಯದ ಸ್ಯಾಗಿನಾದಲ್ಲಿ ಉಪ್ಪಿನ ಉದ್ಯಮಕ್ಕೆ ಕೈಹಾಕಿದ. 1865ರಲ್ಲಿ ಯುದ್ಧ ಮುಗಿಯಿತು, ಬೇಡಿಕೆ ಕುಸಿಯಿತು, ಉದ್ಯಮ ಮುಳುಗಿತು. ಕೂಡಿಟ್ಟದ್ದೆಲ್ಲ ಹೋಗಿ ತಲೆಯ ಮೇಲೆ ಸಾಲ ಬಂತು. ಮೂವತ್ತೈದರ ಹರೆಯದಲ್ಲಿ, ಹೆಂಡತಿಯ ಕಡೆಯವರಿಂದ ಸಾಲ ತಂದು ಮತ್ತೆ ಮೊದಲಿನಿಂದ ಆರಂಭಿಸಬೇಕಾದ ಸ್ಥಿತಿ.

ತೈಲದ ದಾರಿ

ದಿಕ್ಕು ಬದಲಾದದ್ದು 1867ರಲ್ಲಿ. ರಾಕ್‌ಫೆಲರ್‌ಗೆ ತನ್ನ ತೈಲ ಸಂಸ್ಕರಣಾ ಉದ್ಯಮ ವಿಸ್ತರಿಸಲು ಬಂಡವಾಳ ಬೇಕಿತ್ತು. ಹಾರ್ಕ್‌ನೆಸ್ ಕುಟುಂಬದ ಸ್ಟೀಫನ್ ಹಣ ತೊಡಗಿಸಲು ಒಪ್ಪಿದ. ಆದರೆ ಫ್ಲ್ಯಾಗ್ಲರ್‌ನನ್ನು ಪಾಲುದಾರನನ್ನಾಗಿ ಸೇರಿಸಿಕೊಳ್ಳಬೇಕೆಂಬ ಷರತ್ತು ಹಾಕಿದ. ಹೀಗೆ ರಾಕ್‌ಫೆಲರ್, ಆ್ಯಂಡ್ರ್ಯೂಸ್ ಮತ್ತು ಫ್ಲ್ಯಾಗ್ಲರ್ ಎಂಬ ಪಾಲುದಾರಿಕೆ ಸಂಸ್ಥೆ ಹುಟ್ಟಿತು. 1870ರ ಜನವರಿಯಲ್ಲಿ ಅದೇ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯಾಗಿ ನೋಂದಣಿಯಾಯಿತು. ಪಾಲುದಾರಿಕೆಯನ್ನು ಷೇರು ಕಂಪೆನಿಯಾಗಿ ಮಾರ್ಪಡಿಸುವ ಆಲೋಚನೆ ಫ್ಲ್ಯಾಗ್ಲರ್‌ನದೆಂದು ರಾಕ್‌ಫೆಲರ್ ಮುಂದೆ ಒಪ್ಪಿಕೊಂಡ.

ಕಂಪೆನಿಯಲ್ಲಿ ಆತನ ಮುಖ್ಯ ಹೊಣೆಗಳು ಎರಡು. ಒಂದು, ಕರಾರು ಪತ್ರಗಳ ರಚನೆ. ಇನ್ನೊಂದು, ರೈಲ್ವೆ ಕಂಪೆನಿಗಳ ಜತೆ ಸಾಗಣೆ ದರದ ಚೌಕಾಸಿ. ದಿನಕ್ಕೆ ಇಂತಿಷ್ಟು ತೈಲವನ್ನು ಖಚಿತವಾಗಿ ಸಾಗಿಸಲು ಕೊಡುತ್ತೇವೆ, ಪ್ರತಿಯಾಗಿ ಗುಟ್ಟಿನಲ್ಲಿ ರಿಯಾಯಿತಿ ಕೊಡಿ ಎಂಬುದು ಆ ಚೌಕಾಸಿಯ ತಿರುಳು. ಈ ರಿಯಾಯಿತಿ ಸಿಗದ ಸಣ್ಣ ಸಂಸ್ಕರಣಾಗಾರಗಳು ಒಂದೊಂದಾಗಿ ಮುಚ್ಚಿದವು, ಇಲ್ಲವೇ ಸ್ಟ್ಯಾಂಡರ್ಡ್ ಆಯಿಲ್‌ಗೆ ಮಾರಾಟವಾದವು. ಸರಕು ಯಾರದಾದರೂ ಆಗಲಿ, ಅದನ್ನು ಸಾಗಿಸುವ ಹಾದಿ ಯಾರ ಕೈಯಲ್ಲಿದೆಯೋ ಮಾರುಕಟ್ಟೆ ಅವರದು. ತೈಲದಲ್ಲಿ ಕಲಿತ ಈ ಪಾಠವನ್ನೇ ಆತ ಮುಂದೆ ಪ್ರವಾಸಿಗರ ವಿಷಯದಲ್ಲಿ ಪ್ರಯೋಗಿಸಿದ.

ರೋಗಿಯ ಹವೆ, ಮಧುಚಂದ್ರದ ಕನಸು

1877ರಲ್ಲಿ ಫ್ಲ್ಯಾಗ್ಲರ್ ಕುಟುಂಬ ನ್ಯೂಯಾರ್ಕ್ ನಗರಕ್ಕೆ ಸ್ಥಳಾಂತರಗೊಂಡಿತು. ಪತ್ನಿ ಮೇರಿಯ ಆರೋಗ್ಯ ಕೆಟ್ಟಿತ್ತು. ಕ್ಷಯದಂಥ ಕಾಯಿಲೆಗೆ ಔಷಧವಿಲ್ಲದ ಆ ಕಾಲದಲ್ಲಿ ವೈದ್ಯರು ಸೂಚಿಸುತ್ತಿದ್ದದ್ದು ಬೆಚ್ಚನೆಯ ಹವೆಯನ್ನು. ದಂಪತಿ ಒಂದು ಚಳಿಗಾಲವನ್ನು ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಕಳೆದರು. 1881ರ ಮೇ ತಿಂಗಳಿನಲ್ಲಿ ಮೇರಿ ತೀರಿಕೊಂಡಳು. ಎರಡು ವರ್ಷಗಳ ನಂತರ, ಆಕೆಯ ಶುಶ್ರೂಷೆಗಿದ್ದ ಐಡಾ ಆಲಿಸ್ ಶೂರ್ಡ್ಸ್‌ಳನ್ನು ಫ್ಲ್ಯಾಗ್ಲರ್ ವರಿಸಿದ. ನವದಂಪತಿ ಆ ಚಳಿಗಾಲ ಬಂದದ್ದು ಸೇಂಟ್ ಅಗಸ್ಟೀನ್‌ಗೆ.

ಊರು ಸುಂದರವಾಗಿತ್ತು. ಹಳೆಯ ಸ್ಪ್ಯಾನಿಷ್ ಕೋಟೆ, ಕಿರುಬೀದಿಗಳು, ಜನವರಿಯಲ್ಲೂ ಎಳೆಬಿಸಿಲು. ಆದರೆ ನ್ಯೂಯಾರ್ಕ್‌ನ ಶ್ರೀಮಂತ ತಂಗಬಯಸುವ ಮಟ್ಟದ ಹೋಟೆಲ್ ಇರಲಿಲ್ಲ. ಬರುವವರಲ್ಲಿ ಬಹುಪಾಲು ರೋಗಿಗಳು. ರೋಗಿಗಳ ಬದಲು ಆರೋಗ್ಯವಂತ ಸಿರಿವಂತರು ವಿಹಾರಕ್ಕಾಗಿ ಬರುವಂತಾದರೆ? ಫ್ರಾನ್ಸಿನ ದಕ್ಷಿಣ ಕರಾವಳಿಗೆ ಐರೋಪ್ಯ ಶ್ರೀಮಂತರು ಚಳಿಗಾಲದಲ್ಲಿ ಹೋಗುವಂತೆ ಅಮೆರಿಕದವರು ಇಲ್ಲಿಗೇಕೆ ಬರಬಾರದು? ಐವತ್ತೈದು ವರ್ಷದ ಫ್ಲ್ಯಾಗ್ಲರ್‌ನಿಗೆ ಮುಂದಿನ ಬದುಕಿನ ಕೆಲಸ ಸಿಕ್ಕಿತು. ಸ್ಥಳೀಯ ವೈದ್ಯ ಆ್ಯಂಡ್ರ್ಯೂ ಆ್ಯಂಡರ್ಸನ್ ಆತನ ನೆರವಿಗೆ ನಿಂತ. 1885ರ ಡಿಸೆಂಬರ್‌ನಲ್ಲಿ ಜವುಗು ನೆಲವನ್ನು ತುಂಬಿಸಿ ಅಡಿಪಾಯದ ಕೆಲಸ ಆರಂಭವಾಯಿತು.

ಮೂರು ಬಾಗಿಲು

ಹೋಟೆಲ್ ವಿನ್ಯಾಸದ ಹೊಣೆ ಹೊತ್ತವರು ಜಾನ್ ಕ್ಯಾರೆರ್ ಮತ್ತು ಥಾಮಸ್ ಹೇಸ್ಟಿಂಗ್ಸ್ ಎಂಬ ಇಬ್ಬರು ಯುವಕರು. ಮುಂದೆ ನ್ಯೂಯಾರ್ಕ್‌ನ ಪ್ರಸಿದ್ಧ ಸಾರ್ವಜನಿಕ ಗ್ರಂಥಾಲಯದ ಕಟ್ಟಡ ವಿನ್ಯಾಸಗೊಳಿಸಿದ ಇವರಿಗೆ ಇದೇ ಮೊದಲ ದೊಡ್ಡ ಅವಕಾಶ. ಆ ಕರಾವಳಿಯಲ್ಲಿ ಕಪ್ಪೆಚಿಪ್ಪುಗಳೇ ಶತಮಾನಗಳ ಕಾಲ ಒತ್ತಿ ಗಟ್ಟಿಯಾದ ಕೊಕೀನಾ ಎಂಬ ಕಲ್ಲು ಸಿಗುತ್ತದೆ. ನಮ್ಮ ಕರಾವಳಿಯವರು ಮುರಕಲ್ಲನ್ನು ನೆಲದಿಂದ ಕೊಯ್ದು ಮನೆ ಕಟ್ಟುವಂತೆ ಸ್ಪೇನಿನವರು ಈ ಕಲ್ಲಿನಿಂದ ಕೋಟೆ ಕಟ್ಟಿದ್ದರು. ಯುವ ವಾಸ್ತುಶಿಲ್ಪಿಗಳು ಅದನ್ನು ಪುಡಿಯಾಗಿಸಿ ಸಿಮೆಂಟಿನೊಂದಿಗೆ ಬೆರೆಸಿ, ಅಚ್ಚುಗಳಲ್ಲಿ ಪದರ ಪದರವಾಗಿ ಎರೆದು ಗೋಡೆ ಎಬ್ಬಿಸಿದರು. ಅಮೆರಿಕದಲ್ಲಿ ಈ ಪ್ರಮಾಣದಲ್ಲಿ ಎರಕದ ಕಾಂಕ್ರೀಟಿನಿಂದ ಕಟ್ಟಿದ ಮೊದಲ ಕಟ್ಟಡಗಳಲ್ಲಿ ಇದೂ ಒಂದು.

1888ರ ಜನವರಿ 10ರಂದು ಪೊನ್ಸೆ ಡಿ ಲಿಯೋನ್ ಬಾಗಿಲು ತೆರೆಯಿತು. 540 ಕೋಣೆಗಳು, ಎಡಿಸನ್ ಕಂಪೆನಿಯ ಡೈನಮೋಗಳಿಂದ ವಿದ್ಯುತ್ ದೀಪ, ಭೋಜನಶಾಲೆಯ ಕಿಟಕಿಗಳಿಗೆ ಲೂಯಿ ಕಂಫರ್ಟ್ ಟಿಫಾನಿಯ ಬಣ್ಣದ ಗಾಜು. ವರ್ಷದಲ್ಲಿ ಚಳಿಗಾಲದ ಕೆಲವೇ ತಿಂಗಳು ಮಾತ್ರ ಇದು ತೆರೆದಿರುತ್ತಿತ್ತು. ಉಳಿದ ಕಾಲವೆಲ್ಲ ಬೀಗ.

ಇಷ್ಟು ದುಬಾರಿಯ ಹೋಟೆಲಿಗೆ ಎಷ್ಟು ಮಂದಿ ಬಂದಾರು? ಇದಕ್ಕೆ ಫ್ಲ್ಯಾಗ್ಲರ್ ಕಂಡುಕೊಂಡ ಉತ್ತರವೇ ಎದುರು ಮಗ್ಗುಲಿನ ಅಲ್ಕಜಾರ್. 1888ರ ಕೊನೆಯಲ್ಲಿ ಆರಂಭವಾದ ಈ ಹೋಟೆಲಿನ ಕೋಣೆಗಳು ಸರಳ, ದರ ಕಡಿಮೆ. ಆದರೆ ವಿನೋದ ವಿಹಾರದ ಸವಲತ್ತುಗಳೆಲ್ಲ ಇದ್ದದ್ದು ಇಲ್ಲಿಯೇ: ಆವಿ ಸ್ನಾನ, ಟರ್ಕಿಶ್ ಸ್ನಾನ, ವ್ಯಾಯಾಮಶಾಲೆ, ಸುಮಾರು 120 ಅಡಿ ಉದ್ದದ ಒಳಾಂಗಣ ಈಜುಕೊಳ, ಅದರ ಮೇಲ್ಭಾಗದಲ್ಲಿ ನೃತ್ಯಕ್ಕೆ ಅಂಗಣ. ಪೊನ್ಸೆ ಡಿ ಲಿಯೋನ್‌ನ ಅತಿಥಿಗಳೂ ಈಜಲು, ಕುಣಿಯಲು ಬೀದಿ ದಾಟಿ ಇಲ್ಲಿಗೆ ಬರುತ್ತಿದ್ದರು. ಹಗಲು ಬೆರೆತ ಎರಡೂ ವರ್ಗದವರು ರಾತ್ರಿ ತಂತಮ್ಮ ದರದ ಕೋಣೆಗೆ ಮರಳುತ್ತಿದ್ದರು.

ಮೂರನೆಯದರ ಕಥೆ ಬೇರೆ. ಬಾಸ್ಟನ್‌ನ ಫ್ರಾಂಕ್ಲಿನ್ ಸ್ಮಿತ್ ಎಂಬಾತ ಫ್ಲ್ಯಾಗ್ಲರ್‌ನಿಂದಲೇ ನಿವೇಶನ ಕೊಂಡು ಕಾಸಾ ಮೋನಿಕಾ ಎಂಬ ಹೋಟೆಲ್ ಕಟ್ಟಿದ್ದ. ಅದು ತೆರೆದದ್ದು 1888ರ ಹೊಸ ವರ್ಷದ ದಿನ, ಪೊನ್ಸೆ ಡಿ ಲಿಯೋನ್‌ಗಿಂತ ಒಂಬತ್ತು ದಿನ ಮೊದಲು. ಆದರೆ ಸ್ಮಿತ್‌ನ ಬಳಿ ಹೋಟೆಲ್ ಮಾತ್ರ ಇತ್ತು, ರೈಲು ಇರಲಿಲ್ಲ, ಕೈಯಲ್ಲಿ ಹಣವೂ ಉಳಿದಿರಲಿಲ್ಲ. ಕೆಲವೇ ತಿಂಗಳಲ್ಲಿ ಆತ ಅದನ್ನು ಫ್ಲ್ಯಾಗ್ಲರ್‌ಗೆ ಮಾರಿದ. ಹೋಟೆಲಿನ ಹೆಸರು ಕಾರ್ಡೋವಾ ಎಂದಾಯಿತು. 20ನೇ ಶತಮಾನದ ಆರಂಭದಲ್ಲಿ ಬೀದಿಯ ಮೇಲೊಂದು ಸೇತುವೆ ಕಟ್ಟಿ ಅದನ್ನು ಅಲ್ಕಜಾರ್‌ಗೆ ಜೋಡಿಸಿ, ಅದರ ಉಪಕಟ್ಟಡವಾಗಿಸಲಾಯಿತು.

ಒಂದೇ ಹೆಸರಿನಡಿ ದುಬಾರಿ, ಮಧ್ಯಮ, ಅಗ್ಗ ಎಂದು ಹೋಟೆಲ್‌ಗಳನ್ನು ವಿಂಗಡಿಸಿ, ಗಿರಾಕಿ ಯಾವ ದರ ನೋಡಿ ಹಿಂದೆ ಸರಿದರೂ ತನ್ನದೇ ಇನ್ನೊಂದು ಬಾಗಿಲಿಗೆ ಬಂದು ನಿಲ್ಲುವಂತೆ ಮಾಡುವುದು ಇಂದಿನ ಹೋಟೆಲ್ ಸಮೂಹಗಳ ನಿತ್ಯದ ತಂತ್ರ. ಒಂದೇ ನಗರದಲ್ಲಿ, ಒಂದೇ ನೋಟದಲ್ಲಿ ಕಾಣುವಂತೆ ಅದನ್ನು ಫ್ಲ್ಯಾಗ್ಲರ್ 19ನೇ ಶತಮಾನದಲ್ಲೇ ಕಟ್ಟಿ ತೋರಿಸಿದ್ದ.

ಹಳಿ ಹೋದಲ್ಲಿ ಊರು

ಸೇಂಟ್ ಅಗಸ್ಟೀನ್ ಆತನ ನಿರೀಕ್ಷೆಯನ್ನು ಪೂರ್ತಿಯಾಗಿ ಈಡೇರಿಸಲಿಲ್ಲ. 1888ರಲ್ಲಿ ಹತ್ತಿರದ ಜ್ಯಾಕ್ಸನ್‌ವಿಲ್‌ನಲ್ಲಿ ಹಳದಿ ಜ್ವರದ ಪಿಡುಗು ಹರಡಿ ಪ್ರವಾಸಿಗರು ಬೆದರಿದರು. ಮರುವರ್ಷ ಮಗಳು ಜೆನ್ನಿ ಹೆರಿಗೆಯ ನಂತರದ ತೊಡಕುಗಳಿಂದ ತೀರಿಕೊಂಡಳು. ಆಕೆಯ ನೆನಪಿಗಾಗಿ ಆತ ಊರಿನಲ್ಲಿ ಭವ್ಯವಾದ ಪ್ರೆಸ್ಬಿಟೇರಿಯನ್ ಚರ್ಚ್ ಕಟ್ಟಿಸಿದ. 1890ರಲ್ಲಿ ಅದು ಪೂರ್ಣಗೊಂಡಿತು.

ಹೋಟೆಲಿಗೆ ಜನ ಬರಬೇಕಾದರೆ ರೈಲು ಸರಿಯಿರಬೇಕು. ಈ ಕಾರಣಕ್ಕೆ ಆತ ಮೊದಲು ಕೊಂಡದ್ದು ಜ್ಯಾಕ್ಸನ್‌ವಿಲ್ ಹಾಗೂ ಸೇಂಟ್ ಅಗಸ್ಟೀನ್ ನಡುವಿನ ಕಿರುಗಾತ್ರದ ರೈಲುಮಾರ್ಗ. ಅದನ್ನು ಎಲ್ಲೆಡೆಯ ರೈಲು ಓಡಬಲ್ಲ ಗಾತ್ರಕ್ಕೆ ಬದಲಿಸಿದ. 1890ರಲ್ಲಿ ಸೇಂಟ್ ಜಾನ್ಸ್ ನದಿಗೆ ರೈಲು ಸೇತುವೆ ನಿರ್ಮಾಣವಾದ ಮೇಲೆ ಉತ್ತರದ ಪ್ರಯಾಣಿಕ ದೋಣಿ ಹತ್ತದೆ ನೇರ ಬರುವಂತಾಯಿತು. ಅಲ್ಲಿಂದ ಹಳಿ ದಕ್ಷಿಣಕ್ಕೆ ಸಾಗಿತು. ಹೊಸ ಹಳಿಗೆ ಫ್ಲಾರಿಡಾ ಸರಕಾರ ಮೈಲಿಯ ಲೆಕ್ಕದಲ್ಲಿ ಭೂಮಿ ಕೊಡುತ್ತಿತ್ತು. ಹಳಿ ಮುಂದುವರಿದಷ್ಟೂ ಭೂಮಿ, ಭೂಮಿ ಇದ್ದಲ್ಲಿ ಹೋಟೆಲ್, ಹೋಟೆಲ್ ಇದ್ದಲ್ಲಿ ಪಟ್ಟಣ.

1894ರ ಫೆಬ್ರುವರಿಯಲ್ಲಿ ಪಾಮ್ ಬೀಚ್‌ನಲ್ಲಿ ರಾಯಲ್ ಪಾಯಿನ್ಸಿಯಾನಾ ತೆರೆಯಿತು. ಸಂಪೂರ್ಣ ಮರದಿಂದ ಕಟ್ಟಿದ, ಆ ಕಾಲದ ಅತ್ಯಂತ ದೊಡ್ಡ ಹೋಟೆಲ್‌ಗಳಲ್ಲೊಂದು ಅದು. ಸೇಂಟ್ ಅಗಸ್ಟೀನ್‌ನ ಸೂತ್ರ ಇಲ್ಲಿಯೂ ಮರುಕಳಿಸಿತು. ಎರಡೇ ವರ್ಷದಲ್ಲಿ, ಅದೇ ದ್ವೀಪದ ಕಡಲ ಬದಿಯಲ್ಲಿ ಪಾಮ್ ಬೀಚ್ ಇನ್ ಎಂಬ ಎರಡನೇ ಹೋಟೆಲ್ ಎದ್ದಿತು. ಅಲೆಗಳು ಬಡಿಯುವ ಅಂಚಿನ ಕೋಣೆಗಳನ್ನೇ ಅತಿಥಿಗಳು ಕೇಳತೊಡಗಿದ್ದರಿಂದ ಅದರ ಹೆಸರೇ ಬ್ರೇಕರ್ಸ್ ಎಂದಾಯಿತು. 1903ರಲ್ಲಿ ಬೆಂಕಿಗೆ ಆಹುತಿಯಾದ ಅದು ಮರುವರ್ಷ ಮತ್ತೆ ಎದ್ದಿತು. 1925ರಲ್ಲಿ ಮತ್ತೊಮ್ಮೆ ಸುಟ್ಟು, 1926ರ ಕೊನೆಯಲ್ಲಿ ಈಗಿರುವ ರೂಪದಲ್ಲಿ ತೆರೆಯಿತು.

ದ್ವೀಪದ ಮೇಲೆ ಅತಿಥಿಗಳು, ಸರೋವರದ ಆಚೆ ದಡದಲ್ಲಿ ಕೆಲಸಗಾರರು. ಇದು ಫ್ಲ್ಯಾಗ್ಲರ್‌ನ ಇನ್ನೊಂದು ವಿಂಗಡಣೆ. ಆಚೆ ದಡದ ಊರೇ ಇಂದಿನ ವೆಸ್ಟ್ ಪಾಮ್ ಬೀಚ್. ಹೋಟೆಲ್ ಕಟ್ಟಿದ, ಅಲ್ಲಿ ದುಡಿದ ಕರಿಯ ಕಾರ್ಮಿಕರು ದ್ವೀಪದಲ್ಲಿಯೇ ಸ್ಟಿಕ್ಸ್ ಎಂಬ ಕೇರಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದರು. ಭೂಮಿಯ ಬೆಲೆ ಏರಿದಂತೆ, 1910ರ ದಶಕದ ಆರಂಭದ ಹೊತ್ತಿಗೆ ಆ ಕೇರಿಯನ್ನು ತೆರವುಗೊಳಿಸಲಾಯಿತು. ಅಲ್ಲಿದ್ದವರು ಆಚೆ ದಡಕ್ಕೆ ಹೋಗಬೇಕಾಯಿತು. ದ್ವೀಪದಲ್ಲಿ ಅತಿಥಿಗಳ ವಿಹಾರಕ್ಕೆ ಬೆತ್ತದ ಕುರ್ಚಿಯ ಗಾಡಿಗಳಿದ್ದವು. ಹಿಂದೆ ಕುಳಿತು ಪೆಡಲ್ ತುಳಿಯುತ್ತಿದ್ದವರು ಇದೇ ಕರಿಯ ಕಾರ್ಮಿಕರು.

1894ರ ಡಿಸೆಂಬರ್ ಮತ್ತು 1895ರ ಫೆಬ್ರುವರಿಯಲ್ಲಿ ಬಿದ್ದ ಭೀಕರ ಹಿಮ ಫ್ಲಾರಿಡಾದ ಕಿತ್ತಳೆ ತೋಟಗಳನ್ನು ನಾಶಮಾಡಿತು. ದಕ್ಷಿಣದ ತುದಿಯ ಮಯಾಮಿಗೆ ಮಾತ್ರ ಅದರ ಪೆಟ್ಟು ತಟ್ಟಲಿಲ್ಲ. ಅಲ್ಲಿ ಜಮೀನು ಹೊಂದಿದ್ದ ಜೂಲಿಯಾ ಟಟಲ್ ಎಂಬ ವಿಧವೆ ರೈಲು ತನ್ನ ಊರಿಗೂ ಬರಲೆಂದು ಬಹುಕಾಲದಿಂದ ಫ್ಲ್ಯಾಗ್ಲರ್‌ನ ಬೆನ್ನುಹತ್ತಿದ್ದಳು. ಹಿಮಕ್ಕೆ ಬಾಡದ ಕಿತ್ತಳೆ ಹೂವುಗಳನ್ನು ಆಕೆ ಆತನಿಗೆ ಕಳುಹಿಸಿದಳೆಂಬುದು ಜನಜನಿತ ಕಥೆ. ತನ್ನ ಜಮೀನಿನ ಪಾಲು ಕೊಡಲು ಮುಂದಾದದ್ದಂತೂ ನಿಜ. 1896ರ ಏಪ್ರಿಲ್‌ನಲ್ಲಿ ರೈಲು ಮಯಾಮಿ ಮುಟ್ಟಿತು. ಜುಲೈನಲ್ಲಿ ಆ ಹಳ್ಳಿ ಅಧಿಕೃತವಾಗಿ ನಗರವಾಯಿತು. ಅದಕ್ಕೆ ಫ್ಲ್ಯಾಗ್ಲರ್ ಎಂದೇ ಹೆಸರಿಡುವ ಸಲಹೆ ಬಂದಾಗ ಆತ ಒಪ್ಪಲಿಲ್ಲ. 1897ರ ಜನವರಿಯಲ್ಲಿ ಅಲ್ಲಿ ಆತನ ರಾಯಲ್ ಪಾಮ್ ಹೋಟೆಲ್ ತೆರೆಯಿತು.

ಒಂದು ಕಾನೂನು, ಒಂದು ವಿಚ್ಛೇದನ

ಇಷ್ಟರಲ್ಲಿ ಮನೆ ಮುರಿದಿತ್ತು. 1890ರ ದಶಕದ ಮಧ್ಯಭಾಗದಲ್ಲಿ ಐಡಾ ಆಲಿಸ್‌ಳ ಮನಸ್ಸಿನ ಸ್ವಾಸ್ಥ್ಯ ಕೆಟ್ಟಿತು. ರಷ್ಯಾದ ಚಕ್ರವರ್ತಿ ತನ್ನನ್ನು ಪ್ರೀತಿಸುತ್ತಾನೆಂಬ ಭ್ರಮೆ ಆಕೆಯನ್ನು ಆವರಿಸಿತು. ಆಕೆಯನ್ನು ಖಾಸಗಿ ಆಸ್ಪತ್ರೆಗೆ ಸೇರಿಸಲಾಯಿತು. 1899ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯ ಆಕೆಯನ್ನು ಮತಿಭ್ರಾಂತಳೆಂದು ಘೋಷಿಸಿತು. ನ್ಯೂಯಾರ್ಕ್ ಕಾನೂನಿನಂತೆ ಈ ಕಾರಣಕ್ಕೆ ವಿಚ್ಛೇದನ ಸಾಧ್ಯವಿರಲಿಲ್ಲ. ಫ್ಲಾರಿಡಾದಲ್ಲೂ ಇರಲಿಲ್ಲ. ಅದೇ ವರ್ಷ ಫ್ಲ್ಯಾಗ್ಲರ್ ತನ್ನ ಕಾಯಂ ವಿಳಾಸವನ್ನು ಫ್ಲಾರಿಡಾಕ್ಕೆ ಬದಲಿಸಿದ.

1901ರಲ್ಲಿ ಫ್ಲಾರಿಡಾ ಶಾಸನಸಭೆ, ವಾಸಿಯಾಗದ ಮತಿಭ್ರಮಣೆಯನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುವ ಕಾನೂನನ್ನು ಅಂಗೀಕರಿಸಿತು. ಆಗಸ್ಟ್‌ನಲ್ಲಿ ಫ್ಲ್ಯಾಗ್ಲರ್‌ಗೆ ವಿಚ್ಛೇದನ ದೊರೆಯಿತು. ಅದೇ ತಿಂಗಳು ಆತ ಮೇರಿ ಲಿಲಿ ಕೆನನ್‌ಳನ್ನು ವಿವಾಹವಾದ. ವರನಿಗೆ 71, ವಧುವಿಗೆ 34. ಶಾಸಕರಿಗೆ ಹಣ ಹಂಚಲಾಗಿದೆ ಎಂಬ ಆರೋಪ ರಾಜ್ಯದಾದ್ಯಂತ ಎದ್ದಿತು. 1905ರಲ್ಲಿ ಆ ಕಾನೂನನ್ನೇ ರದ್ದುಪಡಿಸಲಾಯಿತು. ಐಡಾ ಆಲಿಸ್‌ಳ ಆರೈಕೆಗೆ ಫ್ಲ್ಯಾಗ್ಲರ್ ಧಾರಾಳವಾಗಿಯೇ ಹಣ ತೆಗೆದಿರಿಸಿದ್ದ. ಆಸ್ಪತ್ರೆಯ ಗೋಡೆಗಳೊಳಗೆ ಆಕೆ 1930ರವರೆಗೆ ಬದುಕಿದಳು. ಹೊಸ ಪತ್ನಿಗೆ ಮದುವೆಯ ಉಡುಗೊರೆಯಾಗಿ ಪಾಮ್ ಬೀಚ್‌ನಲ್ಲಿ ವೈಟ್‌ಹಾಲ್ ಎಂಬ ಮಹಲು ಎದ್ದಿತು. 1902ರಲ್ಲಿ ದಂಪತಿ ಅಲ್ಲಿ ವಾಸ ಆರಂಭಿಸಿದರು.

ಕಡಲ ಮೇಲೆ ರೈಲು

ಎಪ್ಪತ್ತೈದನೇ ವಯಸ್ಸಿನಲ್ಲಿ ಫ್ಲ್ಯಾಗ್ಲರ್ ತನ್ನ ಬದುಕಿನ ಅತ್ಯಂತ ಸಾಹಸದ ಕೆಲಸಕ್ಕೆ ಕೈಯಿಟ್ಟ. ಫ್ಲಾರಿಡಾದ ದಕ್ಷಿಣ ತುದಿಯಿಂದ ಕಡಲಿನಲ್ಲಿ ಸಾಲಾಗಿ ಹರಡಿದ ಸಣ್ಣ ದ್ವೀಪಗಳ ಕೊನೆಗೆ ಕೀ ವೆಸ್ಟ್ ಎಂಬ ಬಂದರಿದೆ. ಪನಾಮಾ ಕಾಲುವೆಯ ಕೆಲಸವನ್ನು ಅಮೆರಿಕ 1904ರಲ್ಲಿ ಕೈಗೆತ್ತಿಕೊಂಡಿತ್ತು. ಕಾಲುವೆ ತೆರೆದರೆ ಅದಕ್ಕೆ ಸಮೀಪದ ಅಮೆರಿಕನ್ ಬಂದರಾಗಿ ಕೀ ವೆಸ್ಟ್ ಬೆಳೆಯಬಹುದು, ಕ್ಯೂಬಾದ ಹವಾನಾ ನಗರವೂ ಅಲ್ಲಿಂದ ಹತ್ತಿರ ಎಂಬುದು ಆತನ ಎಣಿಕೆ. ದ್ವೀಪದಿಂದ ದ್ವೀಪಕ್ಕೆ ಸೇತುವೆ ಕಟ್ಟಿ ಸುಮಾರು 200 ಕಿಲೋಮೀಟರ್ ಹಳಿ ಹಾಸುವ ಕೆಲಸ 1905ರಲ್ಲಿ ಆರಂಭವಾಯಿತು.

ಕುಡಿಯುವ ನೀರನ್ನೂ ಹೊರಗಿನಿಂದ ತರಬೇಕಾದ ಜಾಗ. ಸೊಳ್ಳೆ, ಬಿಸಿಲು, ಚಂಡಮಾರುತ. 1906ರ ಅಕ್ಟೋಬರ್‌ನ ಚಂಡಮಾರುತ ಕಾರ್ಮಿಕರು ಮಲಗಿದ್ದ ದೋಣಿಮನೆಯೊಂದನ್ನು ಕಡಲಿಗೆ ಸೆಳೆದೊಯ್ದು, ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 1909 ಮತ್ತು 1910ರಲ್ಲಿ ಮತ್ತೆ ಚಂಡಮಾರುತಗಳು ಬಂದವು. ಮುಖ್ಯ ಎಂಜಿನಿಯರ್ ಜೋಸೆಫ್ ಮೆರಿಡಿತ್ 1909ರಲ್ಲಿ ಕೆಲಸದ ನಡುವೆಯೇ ತೀರಿಕೊಂಡ. ನ್ಯೂಯಾರ್ಕ್‌ನ ವಲಸಿಗರನ್ನು ದಲ್ಲಾಳಿಗಳು ಆಸೆ ತೋರಿಸಿ ಕರೆತಂದು, ಪ್ರಯಾಣದ ಸಾಲದ ನೆಪದಲ್ಲಿ ಬಿಟ್ಟುಹೋಗದಂತೆ ಹಿಡಿದಿಟ್ಟಿದ್ದಾರೆ ಎಂಬ ದೂರುಗಳು ಕೇಳಿಬಂದವು. ನಮ್ಮಲ್ಲಿ ಜೀತವೆಂದು ಕರೆಯುವ ಪದ್ಧತಿಗೆ ಹತ್ತಿರವಾದ ಈ ಆರೋಪದ ಮೇಲೆ ಕೇಂದ್ರ ಸರಕಾರ ದಲ್ಲಾಳಿಗಳ ವಿರುದ್ಧ ಮೊಕದ್ದಮೆ ಹೂಡಿತು. 1908ರಲ್ಲಿ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು.

1912ರ ಜನವರಿ 22ರಂದು ಮೊದಲ ರೈಲು ಕೀ ವೆಸ್ಟ್ ತಲುಪಿತು. ತನ್ನ ಖಾಸಗಿ ಬೋಗಿಯಿಂದ ಇಳಿದ 82ರ ವೃದ್ಧನಿಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ. ಸೇರಿದ ಜನರ ಜಯಘೋಷ, ಶಾಲಾ ಮಕ್ಕಳ ಹಾಡು ಮಾತ್ರ ಕಿವಿಗೆ ಬೀಳುತ್ತಿತ್ತು.

ಮರುವರ್ಷದ ಆರಂಭದಲ್ಲಿ ಆತ ವೈಟ್‌ಹಾಲ್‌ನ ಅಮೃತಶಿಲೆಯ ಮೆಟ್ಟಿಲುಗಳಿಂದ ಬಿದ್ದ. ಸೊಂಟದ ಮೂಳೆ ಮುರಿಯಿತು. 1913ರ ಮೇ 20ರಂದು, 83ನೇ ವಯಸ್ಸಿನಲ್ಲಿ ಆತ ಕೊನೆಯುಸಿರೆಳೆದ. ಸೇಂಟ್ ಅಗಸ್ಟೀನ್‌ನಲ್ಲಿ ಮಗಳಿಗಾಗಿ ಕಟ್ಟಿಸಿದ ಚರ್ಚ್‌ನಲ್ಲೇ ಆತನ ಸಮಾಧಿಯಿದೆ.

ಉಳಿದದ್ದು, ಅಳಿದದ್ದು

ಆತ ಅತಿ ಹೆಚ್ಚು ಹೆಮ್ಮೆಪಟ್ಟ ಕಡಲ ರೈಲು 23 ವರ್ಷ ಓಡಿತು. 1935ರ ಸೆಪ್ಟೆಂಬರ್ 2ರ ಚಂಡಮಾರುತ ದ್ವೀಪಗಳಲ್ಲಿ 400ಕ್ಕೂ ಹೆಚ್ಚು ಜನರನ್ನು ಕೊಂದಿತು. ಅವರಲ್ಲಿ ಹೆಚ್ಚಿನವರು ಅಲ್ಲಿ ರಸ್ತೆ ಕಾಮಗಾರಿಯಲ್ಲಿದ್ದ ಮೊದಲ ಮಹಾಯುದ್ಧದ ಮಾಜಿ ಸೈನಿಕರು. ಅವರನ್ನು ಕರೆತರಲು ಹೊರಟ ರೈಲಿನ ಬೋಗಿಗಳು ಅಲೆಗಳ ಹೊಡೆತಕ್ಕೆ ಹಳಿಯಿಂದ ಉರುಳಿದವು. ನಮ್ಮ ದೇಶದಲ್ಲಿ ರಾಮೇಶ್ವರದ ಪಾಂಬನ್ ಸೇತುವೆ ತೆರೆದದ್ದು 1914ರಲ್ಲಿ, ಕೀ ವೆಸ್ಟ್ ರೈಲಿನ ಎರಡು ವರ್ಷಗಳ ನಂತರ. 1964ರ ಡಿಸೆಂಬರ್‌ನ ಚಂಡಮಾರುತದಲ್ಲಿ ಧನುಷ್ಕೋಡಿಯ ರೈಲು ಪ್ರಯಾಣಿಕರ ಸಮೇತ ಕೊಚ್ಚಿಹೋದದ್ದನ್ನು ಬಲ್ಲವರಿಗೆ ಫ್ಲಾರಿಡಾದ ಆ ರಾತ್ರಿಯನ್ನು ಊಹಿಸುವುದು ಕಷ್ಟವಲ್ಲ. ಪಾಂಬನ್ ಸೇತುವೆಯನ್ನು ದುರಸ್ತಿ ಮಾಡಿ ರೈಲು ಓಡಿಸಲಾಯಿತು. ಫ್ಲಾರಿಡಾದಲ್ಲಿ ಆರ್ಥಿಕ ಕುಸಿತದಿಂದ ಬಳಲಿದ್ದ ರೈಲ್ವೆ ಕಂಪೆನಿ ಮಾರ್ಗವನ್ನು ಸರಕಾರಕ್ಕೆ ಮಾರಿತು. ಅದೇ ಸೇತುವೆಗಳ ಮೇಲೆ 1938ರಲ್ಲಿ ಹೆದ್ದಾರಿ ತೆರೆಯಿತು.

ಮಯಾಮಿಯ ರಾಯಲ್ ಪಾಮ್, ಪಾಮ್ ಬೀಚ್‌ನ ರಾಯಲ್ ಪಾಯಿನ್ಸಿಯಾನಾ ಎರಡನ್ನೂ ಒಡೆದುಹಾಕಲಾಯಿತು. ಮರದ ಕಟ್ಟಡಗಳು ಹೋದವು, ಕಾಂಕ್ರೀಟಿನವು ನಿಂತವು. ಸೇಂಟ್ ಅಗಸ್ಟೀನ್‌ನ ಆ ಬೀದಿಯಲ್ಲಿ ಮೂರು ಕಟ್ಟಡಗಳೂ ಇವೆ. ಅವುಗಳ ಪಾಡು ಮಾತ್ರ ಬೇರೆ ಬೇರೆ.

ಅಲ್ಕಜಾರ್ ಮತ್ತು ಕಾರ್ಡೋವಾ ಎರಡೂ 1930ರ ದಶಕದ ಆರಂಭದ ಆರ್ಥಿಕ ಮಹಾಕುಸಿತದ ದಿನಗಳಲ್ಲಿ ಮುಚ್ಚಿದವು. ಅಲ್ಕಜಾರ್ 1948ರಲ್ಲಿ ಲೈಟ್ನರ್ ವಸ್ತುಸಂಗ್ರಹಾಲಯವಾಯಿತು. ಒಂದು ಕಾಲದ ಈಜುಕೊಳದ ತಳದಲ್ಲಿ ಈಗ ಮೇಜು ಹಾಕಿ ಊಟ ಬಡಿಸುತ್ತಾರೆ. ಕಾರ್ಡೋವಾವನ್ನು ಕೌಂಟಿ ಆಡಳಿತ ಕೊಂಡು 1968ರಿಂದ ನ್ಯಾಯಾಲಯವಾಗಿ ಬಳಸಿತು. 1999ರ ಡಿಸೆಂಬರ್‌ನಲ್ಲಿ ಅದು ಮತ್ತೆ ಹೋಟೆಲ್ ಆಯಿತು, ಸ್ಮಿತ್ ಇಟ್ಟಿದ್ದ ಕಾಸಾ ಮೋನಿಕಾ ಎಂಬ ಮೊದಲ ಹೆಸರಿನಲ್ಲೇ.

ಪೊನ್ಸೆ ಡಿ ಲಿಯೋನ್ ಬಹುಕಾಲ ಉಳಿಯಿತು. ಎರಡನೇ ಮಹಾಯುದ್ಧದ ವೇಳೆ ಕರಾವಳಿ ರಕ್ಷಣಾ ಪಡೆಯ ತರಬೇತಿ ಕೇಂದ್ರವಾಗಿತ್ತು. 1964ರಲ್ಲಿ, ಜನಾಂಗ ಭೇದದ ವಿರುದ್ಧ ಹೋರಾಟ ಕಾವೇರಿದಾಗ, ಕರಿಯ ವಿದ್ಯಾರ್ಥಿಗಳು ಅದರ ಭೋಜನಶಾಲೆಯಲ್ಲಿ ಧರಣಿ ಕುಳಿತು ಬಂಧನಕ್ಕೊಳಗಾದರು. ಮುಕ್ಕಾಲು ಶತಮಾನ ಕಾಲ ಆ ಕೋಣೆಯಲ್ಲಿ ಕರಿಯರು ಅನ್ನ ಬಡಿಸಿದ್ದರು, ಕುಳಿತು ಉಣ್ಣುವ ಹಕ್ಕು ಅವರಿಗಿರಲಿಲ್ಲ. ಮೂರು ಹೋಟೆಲ್‌ಗಳ ನಡುವಣ ಆಯ್ಕೆ ಬಿಳಿಯರಿಗೆ ಮಾತ್ರ ಸೇರಿದ್ದೆಂಬುದನ್ನು ಆ ಧರಣಿ ಎತ್ತಿ ಹೇಳಿತು. ಅದೇ ವರ್ಷದ ಜುಲೈನಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಜಾರಿಗೆ ಬಂದು, ಹೋಟೆಲ್‌ಗಳಲ್ಲಿನ ಭೇದಭಾವ ಕಾನೂನುಬಾಹಿರವಾಯಿತು. 1967ರಲ್ಲಿ ಹೋಟೆಲ್ ಮುಚ್ಚಿತು.

1968ರಲ್ಲಿ ಅಲ್ಲಿ ಫ್ಲ್ಯಾಗ್ಲರ್ ಕಾಲೇಜು ಆರಂಭವಾಯಿತು. ಟಿಫಾನಿ ಗಾಜಿನ ಕಿಟಕಿಗಳ ಭೋಜನಶಾಲೆಯಲ್ಲಿ ಇಂದು ವಿದ್ಯಾರ್ಥಿಗಳು ಊಟ ಮಾಡುತ್ತಾರೆ. ಎಂಟನೇ ತರಗತಿಗೆ ಓದು ಬಿಟ್ಟವನ ಹೆಸರು ಕಾಲೇಜಿನ ಮೇಲಿದೆ. ಎದುರಿನ ಮೂಲೆಯಲ್ಲಿ ಪ್ರವಾಸಿಗೆ ಉಳಿದಿರುವುದು ಮೂರರಲ್ಲಿ ಒಂದೇ ಹೋಟೆಲ್. ಅದು ಫ್ಲ್ಯಾಗ್ಲರ್ ತಾನೇ ಕಟ್ಟಿಸಿದ್ದಲ್ಲ, ಸೋತವನಿಂದ ಕೊಂಡುಕೊಂಡದ್ದು.